ಯುವಜನರೂ ಪ್ರಥಮ ಉದ್ಯೋಗದ ಆಯ್ಕೆಯೂ

(ಶತಮಾನೋತ್ಸವದ ಅಂಗವಾಗಿ ನಡೆದ ಯುವಜನರ ಸಮ್ಮೇಳನದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಮಾತನಾಡಬೇಕಾದ ವಿಷಯವನ್ನು ಸಮಿತಿಯವರು ನನ್ನ ಆಯ್ಕೆಗೇ ಬಿಟ್ಟಿದ್ದಾರೆ. ಸಂದರ್ಭವು ಶತಮಾನೋತ್ಸವವಾದುದರಿಂದ ದೇವಾಲಯದ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳುವೆನೆಂದು ಹಿರಿಯರು ನಿರೀಕ್ಷಿಸಿರಬಹುದು. ಚರಿತ್ರೆಯನ್ನು ಸ್ಮರಣ ಸಂಚಿಕೆಯಲ್ಲಿ ನನಗಿಂತ ಬಲ್ಲವರು ಬರೆಯಲಿದ್ದಾರೆ. ನಾನು ಆರಿಸಿಕೊಂಡಿರುವುದು ಬೇರೊಂದು ವಿಷಯ. ಹದಿನಾರು, ಹದಿನೇಳು, ಹದಿನೆಂಟರ ಪ್ರಾಯದಲ್ಲಿ ಮೊಟ್ಟಮೊದಲ ಉದ್ಯೋಗವನ್ನು ಆರಿಸಿಕೊಳ್ಳುವುದು ಹೇಗೆ ಎಂಬುದೇ ಆ ವಿಷಯ. ಪರೀಕ್ಷೆಯ ಫಲಿತಾಂಶಗಳು ಬರುವ ಕಾಲವಿದು. ಮುಂದಿನ ಎರಡು ತಿಂಗಳುಗಳಲ್ಲಿ ಈ ಸಭೆಯಲ್ಲಿರುವ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ತೀರ್ಮಾನವಾಗಲಿದೆ; ಕೆಲವು ಮನೆಗಳಲ್ಲಿ ಯಾರೂ ಕೇಳದೆಯೇ ತೀರ್ಮಾನವಾಗಲಿದೆ. ಆ ಎರಡನೆಯ ಬಗೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಮಾತನಾಡುತ್ತಿದ್ದೇನೆ.

ಸಂಚಿಕೆಯ ಕೆಲಸಕ್ಕಾಗಿ ನಮ್ಮ ಹಳೆಯ ವಿವಾಹದ ದಾಖಲೆ ಪುಸ್ತಕಗಳನ್ನು ತಿರುವಿ ಹಾಕಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ತಂದೆಯ ಹೆಸರಿನ ಮುಂದೆ ತೋಟದ ಕೂಲಿ ಎಂದಿದ್ದರೆ ಇಪ್ಪತ್ತೈದು ವರ್ಷಗಳ ನಂತರ ಮಗನ ಹೆಸರಿನ ಮುಂದೆಯೂ ತೋಟದ ಕೂಲಿ. ಗಾರೆಯವನ ಮಗ ಗಾರೆಯವನು, ಅಡುಗೆಯವನ ಮಗ ಅಡುಗೆಯವನು. ಹೆಣ್ಣುಮಕ್ಕಳ ಹೆಸರಿನ ಮುಂದೆ ಏನನ್ನೂ ಬರೆದಿಲ್ಲ. ಅವರು ದುಡಿಯಲಿಲ್ಲವೆಂದಲ್ಲ, ಬರೆಯುವವರಿಗೆ ಅದು ಉದ್ಯೋಗವೆಂದು ತೋರಲಿಲ್ಲ, ಅಷ್ಟೆ. ಅಂದು ಆರಿಸಿಕೊಳ್ಳುವ ಪ್ರಶ್ನೆಯೇ ಇರಲಿಲ್ಲ. ಇಂದು ಆ ಪ್ರಶ್ನೆ ಇದೆ. ಇದನ್ನು ನಾವು ಭಾಗ್ಯವೆಂದು ಭಾವಿಸಬೇಕು. ಆದರೆ ಹದಿನೇಳರ ಹುಡುಗನಿಗೆ ಅದು ಭಾಗ್ಯದಂತೆ ಕಾಣುವುದಿಲ್ಲ, ಭಾರದಂತೆ ಕಾಣುತ್ತದೆ.

ಈ ದಿನಗಳಲ್ಲಿ ಗುರುನಿವಾಸದ ಬಾಗಿಲಿಗೆ ಬರುವವರಲ್ಲಿ ಅರ್ಧದಷ್ಟು ಜನ ಶಿಫಾರಸು ಪತ್ರಕ್ಕಾಗಿ ಬರುತ್ತಾರೆ. ನನ್ನ ಪತ್ರಕ್ಕೆ ಅವರು ನಂಬಿರುವಷ್ಟು ಶಕ್ತಿಯಿಲ್ಲವೆಂಬುದನ್ನು ಇಲ್ಲಿಯೇ ಬಹಿರಂಗವಾಗಿ ಹೇಳಿಬಿಡುತ್ತೇನೆ. ಇರಲಿ. ಬಂದವರನ್ನು ನಾನು ಕೇಳುವ ಮೊದಲ ಪ್ರಶ್ನೆ, “ಯಾವ ಕೆಲಸ?” ಎಂದು. ಹತ್ತರಲ್ಲಿ ಎಂಟು ಜನ, “ಯಾವುದಾದರೂ ಸರಿ, ಫಾದರ್” ಎನ್ನುತ್ತಾರೆ. ಸಂಬಳವೆಷ್ಟು ಎಂಬುದು ಮಾತ್ರ ಅವರಿಗೆ ಖಚಿತವಾಗಿ ತಿಳಿದಿರುತ್ತದೆ. ಸಂಬಳವನ್ನು ನಾನು ಹೀನಾಯವಾಗಿ ಕಾಣುವವನಲ್ಲ. ಒಲೆಯ ಮೇಲೆ ಅನ್ನ ಬೇಯುತ್ತಿರುವ ಮನೆಯವರು ಸಂಬಳ ಮುಖ್ಯವಲ್ಲವೆಂದು ಉಪದೇಶಿಸುವುದು ಬಹಳ ಸುಲಭ. ಆದರೂ, ಮೊದಲ ತಿಂಗಳ ಸಂಬಳದಿಂದಲೇ ಮೊದಲ ಉದ್ಯೋಗವನ್ನು ತೂಗುವುದು ಸರಿಯಲ್ಲವೆಂದು ನಾನು ನಂಬಿದ್ದೇನೆ. ಎರಡು ವರ್ಷಗಳ ನಂತರ ಆ ಕೆಲಸ ಇಲ್ಲವಾದರೆ ನಿಮ್ಮ ಕೈಯಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಅದರ ಪಕ್ಕದಲ್ಲಿಟ್ಟು ತೂಗಬೇಕು.

ಇದಕ್ಕೆ ದೂರದ ಉದಾಹರಣೆ ಬೇಕಿಲ್ಲ. ಕೋಲಾರದ ಚಿನ್ನದ ಗಣಿಗಳನ್ನು ನೆನೆಯಿರಿ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಅಲ್ಲಿ ಕಾಲಿಟ್ಟರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ನಮ್ಮ ಊರುಗಳ ದೀಪಗಳಿಗಿಂತ ಮೊದಲು ಆ ಗಣಿಗಳ ಯಂತ್ರಗಳಿಗೆ ಹರಿಯಿತು. ಮೂರು ತಲೆಮಾರು, ನಾಲ್ಕು ತಲೆಮಾರುಗಳ ಕಾಲ ಅಲ್ಲಿನ ಹುಡುಗನಿಗೆ ಮೊದಲ ಉದ್ಯೋಗವೆಂದರೆ ಗಣಿಯೇ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಬಿಸಿಯಲ್ಲಿ, ದೂಳಿನಲ್ಲಿ ಆ ಜನ ದುಡಿದರು. 2001ರ ಫೆಬ್ರುವರಿ 28ರಂದು ಗಣಿಗಳು ಮುಚ್ಚಿದವು. ಅಂದು ಎಲ್ಲರ ಕೆಲಸವೂ ಒಂದೇ ದಿನ ಹೋಯಿತು. ಆದರೆ ಎಲ್ಲರ ಕೈಯೂ ಒಂದೇ ರೀತಿ ಬರಿದಾಗಲಿಲ್ಲ. ಅದಿರು ತುಂಬುವುದನ್ನು ಮಾತ್ರ ಮೂವತ್ತು ವರ್ಷ ಮಾಡಿದವನ ಅನುಭವಕ್ಕೆ ಗಣಿಯ ಹೊರಗೆ ಬೆಲೆ ಕಟ್ಟುವವರಿರಲಿಲ್ಲ. ಗಣಿಯ ಕಾರ್ಯಾಗಾರದಲ್ಲಿ ಯಂತ್ರ ಜೋಡಿಸುವುದನ್ನೋ ವಿದ್ಯುತ್ತಿನ ಕೆಲಸವನ್ನೋ ಕಲಿತವನ ವಿದ್ಯೆಗೆ ಹೊರಗಿನ ಲೋಕದಲ್ಲಿಯೂ ಅರ್ಥವಿತ್ತು. ಇಬ್ಬರಲ್ಲಿ ಮೊದಲನೆಯವನು ಕಡಿಮೆ ದುಡಿದವನೆಂದು ದಯವಿಟ್ಟು ತಿಳಿಯಬೇಡಿ; ಹೆಚ್ಚು ದುಡಿದವನು, ಹೆಚ್ಚು ಅಪಾಯಕ್ಕೆ ಎದೆಯೊಡ್ಡಿದವನು ಅವನೇ. ಇಂದಿಗೂ ಬೆಳಗಿನ ರೈಲುಗಳಲ್ಲಿ ಆ ಊರಿನ ಸಾವಿರಾರು ಜನ ಬೆಂಗಳೂರಿಗೆ ಹೋಗಿ ರಾತ್ರಿ ಮನೆಗೆ ಹಿಂದಿರುಗುತ್ತಾರೆ. ಅಷ್ಟು ದೊಡ್ಡ ಗಣಿಯೇ ಮುಚ್ಚುವುದಾದರೆ, ನೀವು ಸೇರಲಿರುವ ಅಂಗಡಿಯೋ ಕಂಪನಿಯೋ ಶಾಶ್ವತವೆಂದು ಹೇಗೆ ಹೇಳುವುದು? ನಮ್ಮ ನಾಡಿನವರೆಲ್ಲರೂ ಅಭಿಮಾನದಿಂದ ಕೈಗೆ ಕಟ್ಟಿಕೊಳ್ಳುತ್ತಿದ್ದ ಎಚ್‌ಎಂಟಿ ಗಡಿಯಾರದ ಕಾರ್ಖಾನೆ 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಆ ಗಡಿಯಾರದ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು.

ಆದುದರಿಂದ, ಕೆಲಸಕ್ಕೆ ಸೇರುವ ಮೊದಲು ಅಲ್ಲಿ ನಿಮ್ಮ ಪಕ್ಕದಲ್ಲಿ ನಿಲ್ಲುವ ಹಿರಿಯನು ಯಾರು, ಅವನಿಗೆ ಏನು ಗೊತ್ತು, ಅದನ್ನು ಅವನು ಕಲಿಸುವನೇ ಎಂಬುದನ್ನು ವಿಚಾರಿಸಿರಿ. ಕಟ್ಟಡದ ಕೆಲಸಕ್ಕೆ ಹೋಗುವ ಇಬ್ಬರು ಹುಡುಗರಿಗೆ ದಿನಗೂಲಿ ಒಂದೇ ಆಗಿರಬಹುದು. ಒಬ್ಬನು ಮೂರು ವರ್ಷ ಇಟ್ಟಿಗೆ ಹೊತ್ತೇ ಹೊರುತ್ತಾನೆ. ಇನ್ನೊಬ್ಬನ ಮೇಸ್ತ್ರಿ ಮಧ್ಯಾಹ್ನದ ಹೊತ್ತು ಅವನ ಕೈಗೆ ಕರಣೆ ಕೊಡುತ್ತಾನೆ, ತೂಗುಗುಂಡು ಹಿಡಿಯಲು ಹೇಳುತ್ತಾನೆ, ಗೋಡೆ ಸೊಟ್ಟಗಾದರೆ ಬಯ್ದು ಕೆಡವಿಸುತ್ತಾನೆ. ಬಯ್ಯುವ ಮೇಸ್ತ್ರಿಯೇ ನಿಮಗೆ ಸಿಗಲಿ ಎಂದು ನಾನು ಹಾರೈಸುತ್ತೇನೆ; ಹೊಡೆಯುವವನಲ್ಲ, ಬಯ್ಯುವವನು.

ಈಗ ನಾನು ಹೇಳಬೇಕೆಂದು ಬಂದ ಮುಖ್ಯವಾದ ಮಾತಿಗೆ ಬರುತ್ತೇನೆ. ಇದು ಮಕ್ಕಳಿಗಿಂತ ಹೆಚ್ಚಾಗಿ ತಂದೆತಾಯಿಗಳಿಗೆ ಸಂಬಂಧಿಸಿದ್ದು.

ನನಗೆ ತಿಳಿದ ಒಂದು ಮನೆ. ಈ ಊರಿನದಲ್ಲ, ನಾನು ಹಿಂದೆ ಸೇವೆ ಸಲ್ಲಿಸಿದ ಇನ್ನೊಂದು ಊರಿನದು. ಹಿರಿಯ ಮಗಳು ಪಿಯುಸಿಯಲ್ಲಿ ಒಳ್ಳೆಯ ಅಂಕ ಪಡೆದಳು. ದಾದಿಯ ಶಿಕ್ಷಣ ಪಡೆಯಬೇಕೆಂಬುದು ಅವಳ ಆಸೆ. ಆ ವರ್ಷವೇ ತಂದೆಗೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಗಿ ಸ್ವಸಹಾಯ ಸಂಘದಲ್ಲಿಯೂ ಕೈಸಾಲವಾಗಿಯೂ ಹಣ ತಂದಿದ್ದರು. ಒಂದು ವರ್ಷದ ಮಟ್ಟಿಗೆಂದು ಅವಳು ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗೆ ಹೋದಳು. ಸಂಬಳದ ದಿನ ತಪ್ಪದೆ ಮನೆಗೆ ಹಣ ಬರುತ್ತಿತ್ತು. ಸಾಲ ತೀರಿತು. ತರುವಾಯ ತಮ್ಮನ ಕಾಲೇಜಿನ ಶುಲ್ಕ ಬಂದಿತು, ಆಮೇಲೆ ಮನೆಯ ಹೆಂಚಿನ ದುರಸ್ತಿ, ಆಮೇಲೆ ತಂಗಿಯ ಮದುವೆ. ಆರು ವರ್ಷ ಕಳೆಯಿತು. ಆ ತಂಗಿಯ ಮದುವೆಯ ದಿನ ತಂದೆಯು ನನ್ನೊಡನೆ, “ನಾವು ಯಾವತ್ತೂ ಅವಳನ್ನು ಬಲವಂತ ಮಾಡಲಿಲ್ಲ, ಫಾದರ್” ಎಂದರು. ಅದು ಸುಳ್ಳಲ್ಲ. ಮಗಳನ್ನು ಕೇಳಿದಾಗ ಅವಳು ಹೇಳಿದ್ದು ಇಷ್ಟೆ: “ಹೌದು ಫಾದರ್, ಬಲವಂತ ಮಾಡಲಿಲ್ಲ. ಸಾಕು ಅಂತಲೂ ಯಾರೂ ಹೇಳಲಿಲ್ಲ.”

ಆ ತಂದೆತಾಯಿ ಕೆಟ್ಟವರಲ್ಲ. ಈ ಸಭೆಯಲ್ಲಿ ಕುಳಿತಿರುವ ನಮ್ಮಂಥವರೇ. ಮನೆಯ ಕಷ್ಟವನ್ನು ಮಕ್ಕಳ ಮುಂದೆ ಬಾಯಿಬಿಟ್ಟು ಹೇಳುವುದು ನಮ್ಮ ಸಂಪ್ರದಾಯದಲ್ಲಿಲ್ಲ. ಮಗುವಿಗೆ ನೋವಾಗಬಾರದೆಂದು ಸಾಲದ ಮೊತ್ತವನ್ನು ಮುಚ್ಚಿಡುತ್ತೇವೆ. ಆದರೆ ಮಗುವಿಗೆ ಗೋಡೆಗಳ ಮೂಲಕವೂ ಎಲ್ಲವೂ ಕೇಳಿಸುತ್ತದೆ. ಮೊತ್ತ ತಿಳಿಯದ ಸಾಲವನ್ನು ತೀರಿಸಲು ಹೊರಟವನಿಗೆ ಅದು ತೀರಿತೆಂದು ತಿಳಿಯುವುದು ಹೇಗೆ? ಆದಕಾರಣ ನನ್ನ ವಿನಂತಿಯೇನೆಂದರೆ, ಮಗ ಅಥವಾ ಮಗಳು ಮನೆಯ ಅಗತ್ಯಕ್ಕಾಗಿ ಓದನ್ನು ಬಿಟ್ಟು ಕೆಲಸಕ್ಕೆ ಸೇರುವುದು ಅನಿವಾರ್ಯವಾದರೆ, ಒಂದು ಸಂಜೆ ಊಟವಾದ ಮೇಲೆ ಎಲ್ಲರೂ ಕುಳಿತುಕೊಳ್ಳಿರಿ. ಒಂದು ಹಾಳೆಯ ಮೇಲೆ ಬರೆಯಿರಿ. ಯಾರಿಗೆ ಎಷ್ಟು ಕೊಡಬೇಕು, ಬಡ್ಡಿ ಎಷ್ಟು, ತಿಂಗಳಿಗೆ ಈ ಮಗುವಿನ ಸಂಬಳದಿಂದ ಎಷ್ಟು ಬೇಕು, ಎಷ್ಟು ತಿಂಗಳು ಬೇಕು, ಅವಳ ಸ್ವಂತ ಹೆಸರಿನಲ್ಲಿ ಎಷ್ಟು ಉಳಿಯಬೇಕು. ಆ ತಿಂಗಳುಗಳು ಮುಗಿದ ದಿನ ತಂದೆಯೇ ಬಾಯಿಬಿಟ್ಟು “ಸಾಕು ಮಗಳೇ” ಎಂದು ಹೇಳಲಿ. ಬುರುಜನ್ನು ಕಟ್ಟಹೊರಟವನು ಮೊದಲು ಕುಳಿತು ಲೆಕ್ಕ ಹಾಕುವನೆಂದು ಶುಭಸಂದೇಶದಲ್ಲಿ ಸ್ವಾಮಿಯು ಹೇಳಿರುವುದನ್ನು ನಾವು ಸಂನ್ಯಾಸಕ್ಕೂ ತ್ಯಾಗಕ್ಕೂ ಅನ್ವಯಿಸಿ ಬೋಧಿಸುತ್ತೇವೆ. ಅಡುಗೆಮನೆಯ ಲೆಕ್ಕಕ್ಕೆ ಅನ್ವಯಿಸುವುದನ್ನು ಮರೆಯುತ್ತೇವೆ.

ಈ ಪ್ರಸಂಗದಲ್ಲಿ ಒಬ್ಬ ಮಹನೀಯರನ್ನು ಸ್ಮರಿಸುವುದು ಉಚಿತ. ಜೋಸೆಫ್ ಕಾರ್ಡೈನ್ ಎಂಬುವರು 1882ರಲ್ಲಿ ಬೆಲ್ಜಿಯಂ ದೇಶದ ಒಂದು ಬಡ ದುಡಿಮೆಗಾರರ ಮನೆಯಲ್ಲಿ ಹುಟ್ಟಿದರು. ಆ ಕಾಲದಲ್ಲಿ ಅಲ್ಲಿ ಬಡವರ ಮಕ್ಕಳು ಹದಿಮೂರು ಹದಿನಾಲ್ಕಕ್ಕೆಲ್ಲ ಕಾರ್ಖಾನೆಗೆ ಹೋಗುವುದು ವಾಡಿಕೆಯಾಗಿತ್ತು. ಇವರೂ ಹೋಗುವರೆಂದೇ ಮನೆಯವರು ನಂಬಿದ್ದರು. ಹುಡುಗನು ಒಂದು ರಾತ್ರಿ ತಂದೆತಾಯಿಯ ಬಳಿಗೆ ಹೋಗಿ, ತಾನು ಗುರುವಾಗಬೇಕು, ಓದಬೇಕು ಎಂದು ಧೈರ್ಯದಿಂದ ಕೇಳಿಕೊಂಡನು. ಅವರು ಒಪ್ಪಿ, ಅವನ ಓದಿಗಾಗಿ ದುಡಿಮೆಯನ್ನು ಮುಂದುವರಿಸಿದರು. ರಜೆಯಲ್ಲಿ ಗುರುಮಠದಿಂದ ಊರಿಗೆ ಬಂದಾಗ, ಒಟ್ಟಿಗೆ ಶಾಲೆಯಲ್ಲಿ ಕುಳಿತು ಈಗ ಕಾರ್ಖಾನೆ ಸೇರಿದ್ದ ಗೆಳೆಯರು ಇವರಿಂದ ದೂರ ಸರಿದಿದ್ದರು. ಇವನು ನಮ್ಮವನಲ್ಲ ಎಂಬಂತೆ ನೋಡುತ್ತಿದ್ದರು. 1903ರಲ್ಲಿ ತಂದೆ ತೀರಿಕೊಂಡರು. ದುಡಿಯುವ ಯುವಜನರಿಗಾಗಿ ತನ್ನ ಬಾಳನ್ನು ಮುಡಿಪಾಗಿಡುವುದಾಗಿ ಮಗನು ನಿಶ್ಚಯಿಸಿದನು. 1925ರಲ್ಲಿ ಯುವ ಕ್ರೈಸ್ತ ಕಾರ್ಮಿಕರ ಸಂಘಟನೆ ರೂಪುಗೊಂಡಿತು. ಅನಂತರ ಅದು ನಮ್ಮ ದೇಶಕ್ಕೂ ಬಂದಿತು. 1965ರಲ್ಲಿ ಅವರನ್ನು ಕಾರ್ಡಿನಲ್ ಪದವಿಗೇರಿಸಲಾಯಿತು, 1967ರಲ್ಲಿ ಅವರು ನಿಧನರಾದರು.

ಅವರು ಯುವಕಾರ್ಮಿಕರಿಗೆ ಕಲಿಸಿದ ವಿಧಾನ ಮೂರು ಮಾತಿನದು: ನೋಡು, ವಿವೇಚಿಸು, ಕಾರ್ಯಮಾಡು. 1961ರಲ್ಲಿ ಜಗದ್ಗುರು ಇಪ್ಪತ್ತಮೂರನೆಯ ಜಾನರು ತಮ್ಮ ವಿಶ್ವಪತ್ರದಲ್ಲಿ ಇದನ್ನು ಎತ್ತಿಹಿಡಿದರು. ನಮ್ಮಲ್ಲಿ ಬಹುಮಂದಿ ಮೂರನೆಯದರಿಂದ ಆರಂಭಿಸುತ್ತೇವೆ. ಮೊದಲು ಕೆಲಸಕ್ಕೆ ಸೇರಿ, ಆಮೇಲೆ ಅದು ಏನೆಂದು ನೋಡುತ್ತೇವೆ. ಆದರೆ ಇವತ್ತು ನನಗೆ ಮುಖ್ಯವೆನಿಸುವುದು ಆ ವಿಧಾನಕ್ಕಿಂತಲೂ ಆ ಒಂದು ರಾತ್ರಿ. ಹುಡುಗ ಕೇಳಿದ, ಹಿರಿಯರು ಉತ್ತರ ಕೊಟ್ಟರು. ಅವರು ಆಗದು ಎಂದಿದ್ದರೂ ಅದು ಉತ್ತರವೇ ಆಗುತ್ತಿತ್ತು. ನಿಮ್ಮಲ್ಲಿ ಎಷ್ಟು ಜನ ಮನೆಯಲ್ಲಿ ಬಾಯಿಬಿಟ್ಟು ಕೇಳಿದ್ದೀರಿ?

ಇನ್ನು ಕೆಲವು ಕೆಲಸಗಳನ್ನು ಹೆಸರಿಸಿಯೇ ಮಾತನಾಡುತ್ತೇನೆ.

ಬೆಂಗಳೂರು, ಮೈಸೂರುಗಳಲ್ಲಿ ಬೈಕಿನ ಮೇಲೆ ಮನೆಮನೆಗೆ ಊಟ, ಸಾಮಾನು ತಲುಪಿಸುವ ಕೆಲಸಕ್ಕೆ ನಮ್ಮ ಹುಡುಗರು ಹೋಗುತ್ತಿದ್ದಾರೆ. ಕಳ್ಳತನದ ಕೆಲಸವಲ್ಲ, ಮಾನದ ಕೆಲಸವೇ. ಹಣವೂ ಕೈಗೆ ಬೇಗನೆ ಬರುತ್ತದೆ. ಆದರೆ ಗೇರಿನ ಬೈಕು ಓಡಿಸುವ ಪರವಾನಗಿ ಹದಿನೆಂಟು ತುಂಬಿದ ಮೇಲೆಯೇ ಸಿಗುವುದು. ಹದಿನೇಳರ ಹುಡುಗರು ಅಣ್ಣನ ಹೆಸರಿನಲ್ಲಿ, ಚಿಕ್ಕಪ್ಪನ ಮಗನ ಹೆಸರಿನಲ್ಲಿ ಖಾತೆ ಇಟ್ಟುಕೊಂಡು ಓಡಿಸುತ್ತಿರುವುದನ್ನು ನಾನು ಬಲ್ಲೆ. ಹಾಗೆ ಓಡಿಸುತ್ತಿದ್ದ ಒಬ್ಬ ಹುಡುಗನ ಕಾಲು ಮುರಿದಾಗ ಆಸ್ಪತ್ರೆಗೆ ಹೋಗಿ ಕುಳಿತವನು ನಾನು. ಕೆಲಸ ಕೊಟ್ಟವರ ದಾಖಲೆಯಲ್ಲಿ ಅಂಥ ಹುಡುಗನೇ ಇರಲಿಲ್ಲ. ದಾಖಲೆಯಲ್ಲಿದ್ದ ಅಣ್ಣನಿಗೆ ಏನೂ ಆಗಿರಲಿಲ್ಲ. ವಿಮೆಯಾಗಲಿ ಪರಿಹಾರವಾಗಲಿ ಯಾರಿಗೆ ಕೊಡಬೇಕು? ಇದಲ್ಲದೆ, 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕನು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಒಡೆಯರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಆ ಹುಡುಗನಿಗೆ ಇಪ್ಪತ್ತೈದು ವರ್ಷ ತುಂಬುವವರೆಗೆ ಪರವಾನಗಿಯೇ ಇಲ್ಲ. ಹದಿನೆಂಟು ತುಂಬಿದವರ ವಿಷಯ ಬೇರೆ. ಅವರಿಗಾಗಿ ಕರ್ನಾಟಕ ಸರಕಾರ 2025ರಲ್ಲಿ ಕಾನೂನು ತಂದು, ಪ್ರತಿ ವ್ಯವಹಾರದ ಮೇಲೆ ಕಂಪನಿಗಳಿಂದ ನೂರಕ್ಕೆ ಒಂದರಿಂದ ಐದರವರೆಗೆ ಕಲ್ಯಾಣ ಶುಲ್ಕ ಪಡೆಯುವ ವ್ಯವಸ್ಥೆ ಮಾಡಿದೆ. ಅದರ ಪ್ರಯೋಜನವಾದರೂ ಸ್ವಂತ ಹೆಸರಿನಲ್ಲಿ ನೋಂದಾಯಿಸಿಕೊಂಡವರಿಗೆ ಮಾತ್ರ. ಒಂದು ವರ್ಷ ಕಾಯಿರಿ. ಆ ವರ್ಷದಲ್ಲಿ ಬೈಕನ್ನು ಓಡಿಸುವುದಕ್ಕಿಂತ ಬೈಕನ್ನು ಬಿಚ್ಚಿ ಜೋಡಿಸುವುದನ್ನು ಯಾವುದಾದರೂ ಗ್ಯಾರೇಜಿನಲ್ಲಿ ಕಲಿಯಿರಿ.

ವಯಸ್ಸಿನ ಮಾತು ಬಂದಿತಾದ್ದರಿಂದ ಇನ್ನೊಂದನ್ನೂ ಹೇಳುತ್ತೇನೆ. 1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ, ಹದಿನಾಲ್ಕು ತುಂಬದವರನ್ನು ಕೂಲಿಗೆ ಇಟ್ಟುಕೊಳ್ಳುವಂತಿಲ್ಲ. ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಗಣಿ, ಸಿಡಿಮದ್ದು, ಬೇಗ ಹೊತ್ತಿಕೊಳ್ಳುವ ವಸ್ತುಗಳು ಮುಂತಾದ ಅಪಾಯದ ಕೆಲಸಗಳಿಗೆ ಹಚ್ಚುವಂತಿಲ್ಲ. “ವಯಸ್ಸು ಹದಿನೆಂಟೆಂದು ಬರೆಸು, ಕೆಲಸ ಕೊಡುತ್ತೇನೆ” ಎನ್ನುವ ಮಾಲೀಕನು ಮೊದಲ ದಿನವೇ ನಿಮಗೆ ಸುಳ್ಳು ಹೇಳಲು ಕಲಿಸುತ್ತಿದ್ದಾನೆ. ಸಂಬಳದ ದಿನ ಅವನು ನಿಮಗೆ ನಿಜ ಹೇಳುವನೆಂದು ಏಕೆ ನಂಬುತ್ತೀರಿ?

ಹೆಣ್ಣುಮಕ್ಕಳು ಹೆಚ್ಚಾಗಿ ಹೋಗುವುದು ಸಿದ್ಧ ಉಡುಪಿನ ಕಾರ್ಖಾನೆಗಳಿಗೆ. ಬೆಂಗಳೂರು, ರಾಮನಗರ, ಮಂಡ್ಯ, ಹಾಸನ, ಎಲ್ಲೆಡೆಯೂ ಅವು ಇವೆ. ಅಲ್ಲಿ ಹೆಲ್ಪರ್ ಆಗಿ ಸೇರಿ ದಾರ ಕತ್ತರಿಸುತ್ತಲೇ ವರ್ಷಗಳನ್ನು ಕಳೆಯುವವರಿದ್ದಾರೆ. ಊಟದ ವಿರಾಮದಲ್ಲಿ ಯಂತ್ರದ ಮುಂದೆ ಕುಳಿತು ಹೊಲಿಗೆ ಕಲಿತು ಟೈಲರ್ ಆದವರೂ ಇದ್ದಾರೆ. ಹೋಗುವುದಾದರೆ ಎರಡನೆಯವರ ಹಾಗೆ ಹೋಗಿ. ಭವಿಷ್ಯನಿಧಿಯ ವಿಷಯವನ್ನು ಮಾತ್ರ ಕಡೆಗಣಿಸಬೇಡಿ. ಸಾಮಾನ್ಯವಾಗಿ ನಿಮ್ಮ ಮೂಲ ಸಂಬಳದ ನೂರಕ್ಕೆ ಹನ್ನೆರಡು ರೂಪಾಯಿ ಅದಕ್ಕೆ ಹೋಗುತ್ತದೆ, ಮಾಲೀಕನ ಪಾಲೂ ಅಷ್ಟೇ ಸೇರುತ್ತದೆ. ಮೊದಲ ತಿಂಗಳು ಇದನ್ನು ಕಂಡು ಎಷ್ಟೋ ಮಕ್ಕಳು, “ದುಡ್ಡು ಹಿಡಿದುಕೊಂಡರು” ಎಂದು ಅಳುತ್ತಾ ಮನೆಗೆ ಫೋನು ಮಾಡುತ್ತಾರೆ. ಅದು ಹಿಡಿದುಕೊಂಡದ್ದಲ್ಲ, ಕೂಡಿಟ್ಟದ್ದು. ಆ ಹಣದ ಬೆಲೆ ಏನೆಂದು ತಿಳಿಯಬೇಕಾದರೆ 2016ರ ಏಪ್ರಿಲ್ ತಿಂಗಳನ್ನು ನೆನೆಯಬೇಕು. ಮಾಲೀಕರ ಪಾಲನ್ನು ಐವತ್ತೆಂಟು ವರ್ಷ ವಯಸ್ಸಾಗುವವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರಕಾರ ನಿಯಮ ಮಾಡಿದಾಗ, ಬೆಂಗಳೂರಿನ ಉಡುಪು ಕಾರ್ಖಾನೆಗಳ ಹೆಂಗಸರು ಸಹಸ್ರಾರು ಸಂಖ್ಯೆಯಲ್ಲಿ ಹೆದ್ದಾರಿಗಿಳಿದರು. ಹೆಸರಾಂತ ಮುಂದಾಳುಗಳು ಯಾರೂ ಅವರನ್ನು ಕರೆದುಕೊಂಡು ಬಂದಿರಲಿಲ್ಲ. ಎರಡನೆಯ ದಿನ, 19ನೆಯ ತಾರೀಖು, ಸರಕಾರ ಆ ನಿಯಮವನ್ನು ಹಿಂತೆಗೆದುಕೊಂಡಿತು. ಅಂದಿನ ಕಲ್ಲೆಸೆತ, ಬೆಂಕಿಗಳನ್ನು ನಾನು ಸಮರ್ಥಿಸಲಾರೆ. ಆದರೆ ಮಗಳ ಶುಲ್ಕಕ್ಕೋ ಮನೆಯ ಬಾಡಿಗೆಯ ಮುಂಗಡಕ್ಕೋ ಎಂದು ಎಣಿಸಿ ಎಣಿಸಿ ಇಟ್ಟುಕೊಂಡಿದ್ದ ಹಣ ಅದೆಂಬುದನ್ನು ದಿಲ್ಲಿಯಲ್ಲಿ ಕುಳಿತವರಿಗೆ ಯಾರೋ ಮೊದಲೇ ಹೇಳಬೇಕಾಗಿತ್ತು. ಕಾರ್ಖಾನೆ ಬದಲಾಯಿಸಿದಾಗಲೆಲ್ಲ ಆ ಹಣವನ್ನು ತೆಗೆದು ಖರ್ಚು ಮಾಡದೆ, ನಿಮ್ಮ ಒಂದೇ ಸಂಖ್ಯೆಯ ಖಾತೆಯನ್ನು ಹೊಸ ಜಾಗಕ್ಕೆ ವರ್ಗಾಯಿಸಿಕೊಳ್ಳಿರಿ. ಇಎಸ್‌ಐ ಎಂಬ ಕಾರ್ಮಿಕ ವಿಮೆಗೆ ನಿಮ್ಮಿಂದ ಕಡಿತವಾಗುವುದು 2019ರಿಂದ ನೂರಕ್ಕೆ ಮುಕ್ಕಾಲು ರೂಪಾಯಿ, ಮಾಲೀಕನಿಂದ ಮೂರೂಕಾಲು ರೂಪಾಯಿ. ಅದರ ಚೀಟಿಯನ್ನು ಮೊದಲ ತಿಂಗಳೇ ಕೇಳಿ ಪಡೆಯಿರಿ, ಕಾಯಿಲೆ ಬಿದ್ದ ಮೇಲೆ ಅಲ್ಲ.

ಕಲಿಯುತ್ತಲೇ ಸ್ವಲ್ಪ ಹಣ ಪಡೆಯುವ ದಾರಿ ಇದೆಯೇ ಎಂದು ಕೇಳುವವರಿಗೆ, ಇದೆ. 1961ರ ಅಪ್ರೆಂಟಿಸ್ ಕಾಯಿದೆಯಡಿಯಲ್ಲಿ ಕಾರ್ಖಾನೆಗಳು ತರಬೇತಿಗೆ ಹುಡುಗ ಹುಡುಗಿಯರನ್ನು ತೆಗೆದುಕೊಳ್ಳುತ್ತವೆ. 2019ರಲ್ಲಿ ಅವರಿಗೆ ಓದಿಗನುಗುಣವಾಗಿ ತಿಂಗಳಿಗೆ ಕನಿಷ್ಠ 5,000ದಿಂದ 9,000 ರೂಪಾಯಿ ಭತ್ಯೆ ನಿಗದಿಯಾಗಿತ್ತು. ಬೈಕಿನ ಹುಡುಗನಿಗೆ ಬರುವ ಹಣದ ಮುಂದೆ ಇದು ಅಲ್ಪವೆಂದು ಕಾಣುತ್ತದೆ, ಅಲ್ಪವೇ ಹೌದು. ಐಟಿಐಯಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಕಲಿಕೆಗೆ ಎರಡು ವರ್ಷ, ವೆಲ್ಡರ್, ಪ್ಲಂಬರ್ ಕಲಿಕೆಗೆ ಒಂದು ವರ್ಷ. ಬಹಳ ಜನರಿಗೆ ತಿಳಿಯದ ಸಂಗತಿಯೆಂದರೆ ಇದು ಮುಚ್ಚಿದ ಓಣಿಯಲ್ಲ. ಎರಡು ವರ್ಷದ ಐಟಿಐ ಮುಗಿಸಿದವರು ನಮ್ಮ ರಾಜ್ಯದಲ್ಲಿ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರಬಹುದು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಆರಂಭವಾದ ಸರಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ಇಂದು ರಾಜ್ಯದ ಹಲವು ಊರುಗಳಲ್ಲಿ ಅದರ ಶಾಖೆಗಳಿವೆ. ಹತ್ತನೆಯ ತರಗತಿ ಮುಗಿಸಿದವರಿಗೆ ಅಲ್ಲಿ ಅಚ್ಚು ಮತ್ತು ಉಪಕರಣ ತಯಾರಿಕೆಯ ಡಿಪ್ಲೊಮಾ ಇದೆ.

ಇಲ್ಲಿ ತಾಯಂದಿರ ಮುಖ ಸ್ವಲ್ಪ ಬಾಡುವುದನ್ನು ನಾನು ಕಾಣುತ್ತಿದ್ದೇನೆ. ಮಗ ಕೈಗೆ ಎಣ್ಣೆ ಮಸಿ ಮಾಡಿಕೊಳ್ಳುವುದಕ್ಕಿಂತ ಯಾವುದಾದರೂ ಮಳಿಗೆಯಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ನಿಲ್ಲುವುದೇ ಮೇಲೆಂದು ನಮ್ಮ ಜನರ ಭಾವನೆ. ಅಂಗಿಯನ್ನು ನೋಡಿ ಹೆಣ್ಣು ಕೊಡುವವರು ಇರುವವರೆಗೆ ಈ ಭಾವನೆ ಹೋಗುವುದಿಲ್ಲ. ಸಂತ ಜೋಸೆಫರ ಕೈಯಲ್ಲಿ ಲಿಲ್ಲಿ ಹೂವನ್ನು ಕೊಟ್ಟು ಪೀಠದ ಮೇಲೆ ನಿಲ್ಲಿಸಿದ್ದೇವೆ. ಅವರ ಕೈಯಲ್ಲಿದ್ದುದು ಉಳಿ ಬಾಚಿ. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯೂಸರು ಮೇ ಒಂದನೆಯ ತಾರೀಖನ್ನು ಕಾರ್ಮಿಕ ಸಂತ ಜೋಸೆಫರ ಹಬ್ಬವೆಂದು ಸಾರಿದಾಗ ಆ ಉಪಕರಣಗಳನ್ನು ಅವರಿಗೆ ಹಿಂದಿರುಗಿಸಿದಂತಾಯಿತು.

ಕೆಲಸ ಸಿಕ್ಕಿತೆಂದಿಟ್ಟುಕೊಳ್ಳೋಣ. ಕೆಲಸ ಕೊಡಿಸಲು ಮುಂಗಡ ಹಣ ಕೇಳುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಮೂಲಪ್ರತಿಯನ್ನು ಮಾಲೀಕರ ಬಳಿ ಇರಿಸಬೇಡಿ. ತೋರಿಸಿ, ಪ್ರತಿಯನ್ನು ಕೊಟ್ಟು, ಮೂಲವನ್ನು ಮನೆಗೆ ತನ್ನಿರಿ. ನೇಮಕಪತ್ರವನ್ನು ಕೇಳಿರಿ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಅದನ್ನು ಕೊಡುವುದು ಮಾಲೀಕನ ಕರ್ತವ್ಯ. ನೀವು ಕೇಳುವುದು ಉದ್ಧಟತನವಲ್ಲ. ಹೊರದೇಶಕ್ಕೆ ಹೋಗುವ ಯೋಚನೆಯುಳ್ಳವರು ಹತ್ತನೆಯ ತರಗತಿಯನ್ನು ಮುಗಿಸದೆ ಹೊರಡಬೇಡಿ, ಮತ್ತು ಏಜೆಂಟನು ಸರಕಾರದಲ್ಲಿ ನೋಂದಾಯಿತನೇ ಎಂದು ಮೊದಲು ನೋಡಿರಿ. ಅದರ ವಿಸ್ತಾರವನ್ನು ಇನ್ನೊಂದು ದಿನ ಹೇಳಬಹುದು.

ಒಂದು ಮಾತು ಉಳಿದಿದೆ. ಮೊದಲ ಕೆಲಸವನ್ನು ಬಿಟ್ಟು ಬಂದ ಹುಡುಗನನ್ನು ಊರಿನವರು ಗಂಡನ ಮನೆ ಬಿಟ್ಟು ಬಂದವಳಂತೆ ನೋಡುತ್ತಾರೆ. ಎರಡೂ ನೋಟಗಳು ತಪ್ಪೇ. ಇವತ್ತಿನ ವಿಷಯ ಮೊದಲನೆಯದು. ಧರ್ಮಸಭೆಯಲ್ಲಿ ಬೇರ್ಪಡಿಸಲಾಗದ ಬಂಧವೆಂದರೆ ವಿವಾಹ ಸಂಸ್ಕಾರ. ನೌಕರಿ ಸಂಸ್ಕಾರವೆಂಬುದನ್ನು ನಾನು ಗುರುಮಠದಲ್ಲಿ ಓದಿಲ್ಲ. ಆರು ತಿಂಗಳು ನಿಂತು ನೋಡಿ, ಕಲಿಯುವುದು ಏನೂ ಇಲ್ಲವೆಂದು, ಅಥವಾ ಮಾನಕ್ಕೆ ಕುಂದು ಬರುವ ಜಾಗವೆಂದು ಖಚಿತವಾದರೆ, ಹೇಳಿ ಬಿಟ್ಟು ಬನ್ನಿರಿ. ಹೆಣ್ಣುಮಕ್ಕಳಿಗೆ ವಿಶೇಷವಾಗಿ ಹೇಳುತ್ತಿದ್ದೇನೆ: ಅಂಥ ಜಾಗದಲ್ಲಿ ಆರು ತಿಂಗಳೂ ಕಾಯಬೇಕಾಗಿಲ್ಲ. ತಂದೆತಾಯಿಗಳೇ, ಹಾಗೆ ಬಂದ ಮಗುವಿಗೆ ಮೊದಲು ಊಟ ಹಾಕಿರಿ, ಪ್ರಶ್ನೆಗಳನ್ನು ಮಾರನೆಯ ದಿನ ಕೇಳಿರಿ.

ಈ ಮೇ ಮತ್ತು ಜೂನ್ ತಿಂಗಳುಗಳ ಎಲ್ಲ ಭಾನುವಾರಗಳಲ್ಲಿ ಎರಡನೆಯ ಬಲಿಪೂಜೆಯ ನಂತರ ನಮ್ಮ ಸಭಾಂಗಣದಲ್ಲಿ ಒಂದು ಮೇಜು ಹಾಕಿರುತ್ತೇವೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು, ವಕೀಲರಾಗಿರುವ ಒಬ್ಬ ಸಹೋದರಿ, ಐಟಿಐಯಲ್ಲಿ ಪಾಠ ಹೇಳುವ ಒಬ್ಬರು ಕುಳಿತಿರಲು ಒಪ್ಪಿದ್ದಾರೆ. ಮೂವರೂ ನಮ್ಮ ಧರ್ಮಕೇಂದ್ರದವರೇ. ನೇಮಕಪತ್ರ ಬಂದಿದ್ದರೆ ತನ್ನಿರಿ, ಸಹಿ ಹಾಕುವ ಮೊದಲು ತನ್ನಿರಿ. ಅವರು ಓದಿ ಕನ್ನಡದಲ್ಲಿ ವಿವರಿಸುತ್ತಾರೆ. ಮನೆಯ ಲೆಕ್ಕವನ್ನು ಬರೆಯಲು ಸಹಾಯ ಬೇಕಾದವರು ನನ್ನ ಕೊಠಡಿಗೆ ಬರಬಹುದು. ಅಲ್ಲಿ ಬರೆದ ಹಾಳೆಯನ್ನು ನೀವೇ ತೆಗೆದುಕೊಂಡು ಹೋಗುತ್ತೀರಿ, ನನ್ನ ಬಳಿ ಪ್ರತಿ ಉಳಿಯುವುದಿಲ್ಲ. ಬರುವಾಗ ಮಕ್ಕಳು ತಂದೆತಾಯಿಯನ್ನೂ, ತಂದೆತಾಯಿಗಳು ಮಕ್ಕಳನ್ನೂ ಕರೆದುಕೊಂಡು ಬರಬೇಕೆಂಬುದೊಂದೇ ನಿಬಂಧನೆ. ಕಾಫಿಯ ಏರ್ಪಾಡನ್ನು ಮಹಿಳಾ ಸಂಘದವರು ವಹಿಸಿಕೊಂಡಿದ್ದಾರೆ. ಮೊದಲನೆಯ ಬಾರಿ ಈ ಬರುವ ಭಾನುವಾರ, ಬೆಳಿಗ್ಗೆ ಒಂಬತ್ತೂವರೆಗೆ.